ಅಜ್ಜಿಯ ತವರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದೆ. ಸ್ಕೂಬಾ ಡೈವಿಂಗ್ ಮಾಡಿ ಆ ಊರನ್ನು ಹುಡುಕಬಹುದೇ?

ನಿಮ್ಮ ಪ್ರಶ್ನೆಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿತಿದ್ದೀರಿ, ಅಜ್ಜಿ ಹುಟ್ಟಿದ ಊರು ಶರಾವತಿಯ ನೀರಿನಡಿ ಇದೆ, ಅಲ್ಲಿಗಿಳಿದು ಅವರ ಮನೆಯನ್ನು ನೋಡಿ ಬರಬೇಕು ಎಂದು ಬರೆದಿದ್ದೀರಿ. ನನ್ನ ಅಪ್ಪ ಹುಟ್ಟಿದ ಮನೆಯೂ ಅದೇ ನೀರಿನಡಿ ಇದೆ, ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ. ನಾನು ಟ್ಯಾಂಕ್ ಕಟ್ಟಿಕೊಂಡು ನೀರಿಗಿಳಿಯುವುದನ್ನು ಕಲಿತದ್ದೇ ಆ ಮನೆಗಾಗಿ.

ಲಿಂಗನಮಕ್ಕಿಯಲ್ಲಿ ನಾನು ಇನ್ನೂ ಇಳಿದಿಲ್ಲ. ಆದರೆ ಮುಳುಗಿದ ಊರೊಂದರ ಜಾಗಕ್ಕೆ ಇಳಿದಿದ್ದೇನೆ. ಕೆಲಸದ ನಿಮಿತ್ತ ನಾನಿರುವುದು ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ. ಅಲ್ಲಿನ ಬೆಟ್ಟಗಳ ಬುಡದಲ್ಲಿ ಜೊಕಾಸಿ ಎಂಬ ಜಲಾಶಯವಿದೆ. ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟು, 1973ರಲ್ಲಿ ಮುಗಿಯಿತು. ನಾಲ್ಕು ಹೊಳೆಗಳು ಸೇರುತ್ತಿದ್ದ ಕಣಿವೆ, ಅದರ ತೋಟ, ಮನೆ, ಚರ್ಚು, ಸ್ಮಶಾನ ಎಲ್ಲವೂ ನೀರಿನಡಿಗೆ ಹೋದವು. ಜೊಕಾಸಿ ಎನ್ನುವುದು ಚೆರೊಕೀ ಜನರ ಹೆಸರು. ಆ ಕಣಿವೆಯನ್ನು ಅವರಿಂದ ಬಿಡಿಸಿಕೊಂಡವರ ಮುಂದಿನ ತಲೆಮಾರಿನವರು ಅದನ್ನು ನೀರಿಗೆ ಬಿಟ್ಟುಕೊಟ್ಟರು. ಪಕ್ಕದ ಕಿಯೋವಿ ಜಲಾಶಯದಡಿ ಚೆರೊಕೀಯರ ಕಿಯೋವಿ ಎಂಬ ಪಟ್ಟಣವೇ ಇದೆ.

ಜೊಕಾಸಿಯ ನೀರು ತಿಳಿ. ಬೇಸಿಗೆಯಲ್ಲಿ ಮೇಲಿನ ನೀರು ನಮ್ಮ ಹೊಳೆಯಷ್ಟೇ ಬೆಚ್ಚಗಿರುತ್ತದೆ. ಕೆಳಗಿಳಿಯುತ್ತಿದ್ದಂತೆ ಬೆಚ್ಚಗಿನ ನೀರು ಮುಗಿದು ತಣ್ಣೀರು ಶುರುವಾಗುವ ಒಂದು ಗೆರೆ ಬರುತ್ತದೆ. ಡೈವರುಗಳು ಥರ್ಮೋಕ್ಲೈನ್ ಎನ್ನುವುದು ಇದಕ್ಕೇ. ಗೆರೆ ಎಂದದ್ದು ಅಲಂಕಾರಕ್ಕಲ್ಲ: ಕೈಯನ್ನು ಕೆಳಗೆ ಚಾಚಿದರೆ ಬೆರಳು ಮರಗಟ್ಟುತ್ತದೆ, ಮೊಣಕೈ ಬೆಚ್ಚಗೇ ಇರುತ್ತದೆ. ಅದನ್ನು ದಾಟಿದ ಮೇಲೆ ಬೆಳಕು ಹಸಿರಾಗಿ, ಆಮೇಲೆ ಕಂದಾಗಿ ಹೋಯಿತು. ಮೊದಲು ಕಂಡದ್ದು ಮರಗಳು. ಎಲೆಯಿಲ್ಲ, ತೊಗಟೆಯಿಲ್ಲ, ಆದರೆ ನಿಂತೇ ಇವೆ. ನಲವತ್ತಕ್ಕೂ ಹೆಚ್ಚು ವರ್ಷ ನೀರಿನಲ್ಲಿ ನಿಂತ ಮರದ ಪಕ್ಕದಲ್ಲಿ ತೇಲುತ್ತಾ, ಅದರ ಕೊಂಬೆ ನನ್ನ ಹೆಗಲಿಗೆ ತಾಗದಂತೆ ಸರಿದುಕೊಂಡಾಗ, ಯಾರದೋ ಹಿತ್ತಿಲಲ್ಲಿ ಹೇಳದೆ ಕೇಳದೆ ನಡೆಯುತ್ತಿದ್ದೇನೆ ಎನ್ನಿಸಿತು.

ಸುಮಾರು 70 ಅಡಿಯಲ್ಲಿ ಟಾರ್ಚಿನ ಬೆಳಕಿಗೆ ಕಲ್ಲಿನ ಸಾಲೊಂದು ಸಿಕ್ಕಿತು. ಹೊಳೆಯ ಕಲ್ಲು ಹಾಗೆ ಸಾಲಾಗಿ ಇರುವುದಿಲ್ಲ, ಯಾರೋ ಕೈಯಾರೆ ಜೋಡಿಸಿದ್ದು. ಅದರ ಗುಂಟ ಹೋದರೆ ಮೂರು ಮೆಟ್ಟಿಲು. ಮೆಟ್ಟಿಲಾಚೆ ಏನೂ ಇಲ್ಲ. ಮನೆಯೇ ಇಲ್ಲದ ಮೆಟ್ಟಿಲು. ಮೂರನೆಯ ಮೆಟ್ಟಿಲಿನ ನಡು ಸವೆದು ತುಸು ತಗ್ಗಾಗಿತ್ತು. ನಮ್ಮ ಕಡೆಯ ಹಳೆಯ ಮನೆಗಳ ಹೊಸ್ತಿಲು ಸವೆದಿರುತ್ತದಲ್ಲ, ಹಾಗೆಯೇ. ಗವಸು ಹಾಕಿದ ಬೆರಳಿನಿಂದ ಆ ತಗ್ಗಿನ ಮೇಲೆ ಕೂತಿದ್ದ ಕೆಸರನ್ನು ಒರೆಸಿದೆ. ಹಾಗೆ ಮಾಡಬಾರದಿತ್ತು. ಒರೆಸುವ ಭರದಲ್ಲಿ ಮೈ ವಾಲಿ, ಕಾಲಿಗೆ ಕಟ್ಟಿದ ಫಿನ್ (ಈಜುರೆಕ್ಕೆ) ತಳಕ್ಕೆ ತಾಗಿತು. ಜಲಾಶಯದ ತಳದ ಹೂಳು ಸಮುದ್ರದ ಮರಳಿನಂತಲ್ಲ, ಒಲೆಯ ಬೂದಿಯಂತೆ. ಎದ್ದರೆ ಬೇಗ ಕೂರುವುದಿಲ್ಲ. ಎರಡೇ ಉಸಿರಿನೊಳಗೆ ಮೆಟ್ಟಿಲೂ ಇಲ್ಲ, ಜೊತೆಗಿದ್ದ ಡೈವರೂ ಇಲ್ಲ, ಕಣ್ಣೆದುರು ಹಿಡಿದ ಗಡಿಯಾರವೂ ಇಲ್ಲ. ಇಳಿಯುವಾಗ ಕಟ್ಟಿಕೊಂಡು ಬಂದಿದ್ದ ದಾರ ಎಡಗೈಯಲ್ಲಿತ್ತು. ಅದನ್ನು ಬೆರಳಲ್ಲಿ ಹಿಡಿದು, ಎಳೆಯದೆ, ಮೆಲ್ಲಗೆ ಹಿಂದಕ್ಕೆ ಬಂದೆ. ಜೊತೆಗಾರ ದಾರದ ಇನ್ನೊಂದು ತುದಿಯಲ್ಲಿ ಕಾಯುತ್ತಿದ್ದ. ಆ ದಾರ ಇಲ್ಲದಿದ್ದರೆ ಈ ಉತ್ತರವನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ. ನೇತ್ರಾಣಿಯ ಹವಳದ ನಡುವೆ ಕಲಿತವರಿಗೆ ಈ ಕೆಸರಿನ ಪಾಠ ಸಿಕ್ಕಿರುವುದಿಲ್ಲ, ಅದಕ್ಕೇ ಇಷ್ಟು ಉದ್ದ ಹೇಳಿದೆ.

ಈಗ ನಿಮ್ಮ ಮನಸ್ಸಿನಲ್ಲಿರುವ ಚಿತ್ರದ ಬಗ್ಗೆ. ಚೀನಾದ ಷಿಚಂಗ್ ಎಂಬ ಊರಿನ ಚಿತ್ರಗಳನ್ನು ನೋಡಿಯೇ ಈ ಆಸೆ ಹುಟ್ಟಿತು ಎಂದು ನೀವೇ ಬರೆದಿದ್ದೀರಿ. ಸಿಂಹದ ಕೆತ್ತನೆ, ಕಮಾನು ಬಾಗಿಲು, ಮರದ ತೊಲೆ ಎಲ್ಲವೂ ನೀರಿನಡಿ ಹಾಗೆಯೇ ಇವೆ. ನಿಜ. 1959ರಲ್ಲಿ ಶಿನ್‌ಆನ್ ನದಿಯ ಅಣೆಕಟ್ಟಿನಿಂದ ಮುಳುಗಿದ ಪಟ್ಟಣವದು. ಸುಮಾರು 2,90,000 ಜನ ಆ ಕಣಿವೆ ಬಿಟ್ಟು ಹೋಗಬೇಕಾಯಿತು. 2001ರಲ್ಲಿ ಡೈವರುಗಳು ಮತ್ತೆ ಅದನ್ನು ಕಂಡರು. ಅದು ಉಳಿದದ್ದಕ್ಕೆ ಕಾರಣವಿದೆ. ಇಟ್ಟಿಗೆ, ಕಲ್ಲಿನ ಪಟ್ಟಣ, ಇರುವುದು 26ರಿಂದ 40 ಮೀಟರ್ ಆಳದಲ್ಲಿ. ಅಲ್ಲಿಗೆ ಗಾಳಿ, ಬಿಸಿಲು, ಅಲೆ ಯಾವುದೂ ಮುಟ್ಟುವುದಿಲ್ಲ. ಜೊಕಾಸಿಯಲ್ಲೂ ಹಾಗೆ ಉಳಿದ ಕಟ್ಟಡವೊಂದಿದೆ. ಅಟಾಕುಲ್ಲಾ ಲಾಡ್ಜ್ ಎಂಬ ಅತಿಥಿಗೃಹವನ್ನು ಕೆಡವದೆಯೇ ನೀರು ತುಂಬಿಸಿದ್ದರು. 2004ರಲ್ಲಿ ಡೈವರುಗಳು ಅದನ್ನು ಕಂಡದ್ದು ಸುಮಾರು 300 ಅಡಿ ಆಳದಲ್ಲಿ. ನಿಮ್ಮಂಥ, ನನ್ನಂಥ ಡೈವರುಗಳ ಮಿತಿ 130 ಅಡಿ. ಅದರಾಚೆಗೆ ಬೇರೆ ಅನಿಲದ ಮಿಶ್ರಣ ಬೇಕು, ವರ್ಷಗಟ್ಟಲೆ ತರಬೇತಿ ಬೇಕು. ನಾನು ಅತ್ತ ಹೋಗಿಲ್ಲ.

ಶರಾವತಿಯ ಊರುಗಳ ಕಥೆ ಬೇರೆ. ನಮ್ಮ ಮನೆಗಳದು ಮಣ್ಣಿನ ಗೋಡೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ನಮ್ಮ ದೊಡ್ಡಪ್ಪನಿಗೆ ಹನ್ನೊಂದೋ ಹನ್ನೆರಡೋ. ಅವರು ಹೇಳುವಂತೆ ಮನೆಯನ್ನು ಹಂಚಿನಿಂದ ಕೆಳಕ್ಕೆ ಬಿಚ್ಚುತ್ತಾ ಬಂದರು. ಹಂಚು, ರೀಪು, ಪಕಾಸಿ, ಮುಂಡಿಗೆ, ಬಾಗಿಲುವಾಡ ಎಲ್ಲವೂ ಲಾರಿ ಹತ್ತಿದವು. ಶಿವಮೊಗ್ಗದ ಕಡೆ ಕಾಡು ಕಡಿದು ಕೊಟ್ಟ ಜಾಗದಲ್ಲಿ ಮತ್ತೆ ಮನೆಯೇಳಬೇಕಿತ್ತಲ್ಲ. (ಆ ಜಾಗಗಳ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ನಾಡಿಗೆಲ್ಲ ದೀಪ ಹಚ್ಚಿದವರ ಮೊಮ್ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.) ಹಿಂದೆ ಉಳಿದ ಮಣ್ಣಿನ ಗೋಡೆ ಮೊದಲ ಮಳೆಗಾಲದಲ್ಲೇ ಕರಗಿ ಹೂಳಾಯಿತು. ಅಂದಮೇಲೆ ಕೆಳಗೆ ಉಳಿದಿರುವುದು ಎತ್ತಲಾಗದ್ದು ಮಾತ್ರ: ಜಂಬಿಟ್ಟಿಗೆಯ ಅಡಿಪಾಯ, ಬಾವಿಯ ಕಟ್ಟೆ, ದೇವಸ್ಥಾನದ ಜಗಲಿ, ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒರಳುಕಲ್ಲು. ಒರಳನ್ನು ಬಿಟ್ಟು ಬಂದದ್ದಕ್ಕೆ ನಮ್ಮ ಅಜ್ಜಿ ಸಾಯುವವರೆಗೂ ಅಜ್ಜನನ್ನು ಕ್ಷಮಿಸಲಿಲ್ಲ. ಇದರ ಜೊತೆಗೆ ಲಿಂಗನಮಕ್ಕಿ ವರ್ಷಕ್ಕೊಮ್ಮೆ ಉಸಿರಾಡುವ ಜಲಾಶಯ. ಮಳೆಗಾಲದಲ್ಲಿ ತುಂಬುತ್ತದೆ, ಬೇಸಿಗೆಗೆ ಹತ್ತಾರು ಅಡಿ ಇಳಿಯುತ್ತದೆ. ಹೀಗೆ ನೆನೆದು, ಒಣಗಿ, ಅಲೆಗೆ ಸಿಕ್ಕ ಜಾಗದಲ್ಲಿ ಕಲ್ಲು ಕೂಡ ಚದುರುತ್ತದೆ.

ಡೈವಿಂಗಿನ ಲೆಕ್ಕವೂ ಅಲ್ಲಿ ಬದಲಾಗುತ್ತದೆ. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ, ಎಂದರೆ ಸುಮಾರು 554 ಮೀಟರ್. 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಇಳಿಯುವುದನ್ನು ಎತ್ತರದ ಡೈವ್ ಎಂದೇ ಪರಿಗಣಿಸಬೇಕು. ಮೇಲಿನ ಗಾಳಿಯ ಒತ್ತಡವೇ ಸಮುದ್ರತೀರಕ್ಕಿಂತ ಸುಮಾರು 6% ಕಡಿಮೆ ಇರುವುದರಿಂದ, ಮೇಲೆದ್ದಾಗ ರಕ್ತದಲ್ಲಿ ನೈಟ್ರೋಜನ್ ಗುಳ್ಳೆಯಾಗುವ ಅಪಾಯ ಹೆಚ್ಚು. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ಹೇಳುವ ಸಮುದ್ರದ ಕೋಷ್ಟಕವನ್ನು ಅಲ್ಲಿ ಹಾಗೆಯೇ ಬಳಸುವಂತಿಲ್ಲ. ಅದೇ ಲೆಕ್ಕವನ್ನು ನೀರಿನಡಿಯೇ ಮಾಡಿಕೊಡುವ ಡೈವ್ ಕಂಪ್ಯೂಟರ್‌ನಲ್ಲಿ ಎತ್ತರವನ್ನೂ ಸಿಹಿನೀರನ್ನೂ ಹೊಂದಿಸಿಕೊಳ್ಳಬೇಕು. ಸಿಹಿನೀರು ಉಪ್ಪುನೀರಿನಷ್ಟು ಎತ್ತಿ ಹಿಡಿಯುವುದಿಲ್ಲ, ಸೊಂಟಕ್ಕೆ ಕಟ್ಟುವ ಸೀಸವನ್ನು ಕಡಿಮೆ ಮಾಡಬೇಕು. ಇನ್ನೊಂದು ಮಾತು ಈ ನಡುವೆಯೇ ಹೇಳಿಬಿಡುತ್ತೇನೆ: ನೇತ್ರಾಣಿಯಲ್ಲಿ ಡೈವ್ ಮುಗಿಸಿ ಅದೇ ಸಂಜೆ ಘಟ್ಟ ಹತ್ತಿ ಸಾಗರಕ್ಕೆ ಹೋಗಬೇಡಿ. ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಹೊರಡಿ. ಕಾರಣ ಅದೇ, ಎತ್ತರದಲ್ಲಿ ಇಳಿಯುವ ಗಾಳಿಯ ಒತ್ತಡ.

ನನಗೆ ಹೆಚ್ಚು ಭಯವಿರುವುದು ಬಲೆಯದು. ಹಿನ್ನೀರಿನಲ್ಲಿ ಮೀನುಗಾರರ ಬಲೆ ಇರುತ್ತದೆ, ಹರಿದು ಮರದ ಬೊಡ್ಡೆಗೆ ಸುತ್ತಿಕೊಂಡ ಹಳೆಯ ಬಲೆಯೂ ಇರುತ್ತದೆ. ಕಲಕಿದ ನೀರಿನಲ್ಲಿ ನೈಲಾನ್ ಎಳೆ ಕಾಣುವುದೇ ಇಲ್ಲ. ಬೊಡ್ಡೆಗಳಂತೂ ಸಾವಿರಾರು, ಬೇಸಿಗೆಯಲ್ಲಿ ಹೊನ್ನೇಮರಡಿನ ದಂಡೆಯಲ್ಲಿ ನಿಂತರೆ ನಿಮಗೇ ಕಾಣುತ್ತವೆ. ಮತ್ತೆ, ಅಣೆಕಟ್ಟು ಇರುವುದು ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿ. ಹಿನ್ನೀರಿನ ಬಹಳಷ್ಟು ಭಾಗ ಶರಾವತಿ ಕಣಿವೆ ಅಭಯಾರಣ್ಯದೊಳಗಿದೆ. ನಿಗಮ ಮತ್ತು ಅರಣ್ಯ ಇಲಾಖೆಯ ಬರಹದ ಅನುಮತಿ ಇಲ್ಲದೆ ಟ್ಯಾಂಕ್ ಹೊತ್ತು ದಂಡೆಗೆ ಹೋಗಬೇಡಿ. ಒಬ್ಬರೇ ಅಂತೂ ಬೇಡವೇ ಬೇಡ.

ಇಷ್ಟು ಹೇಳಿ ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಉದ್ದೇಶವಲ್ಲ. ಹುಡುಕಿ. ಆದರೆ ನಕ್ಷೆಯಿಂದ ಹುಡುಕಲು ಶುರುಮಾಡಿ. ನೀರಿನಡಿ ಟಾರ್ಚಿಗೆ ಕಾಣುವುದು ಹತ್ತು ಹದಿನೈದು ಅಡಿ, ಕಲಕಿದ್ದರೆ ಅದೂ ಇಲ್ಲ. ಅಷ್ಟು ದೊಡ್ಡ ಹಿನ್ನೀರಿನಲ್ಲಿ ಎಲ್ಲಿ ಇಳಿಯಬೇಕು ಎನ್ನುವುದನ್ನು ದಂಡೆಯ ಮೇಲೇ ತೀರ್ಮಾನಿಸಿಕೊಂಡಿರಬೇಕು. ಮುಳುಗಡೆಗೆ ಮುಂಚಿನ ಸರ್ವೆ ಆಫ್ ಇಂಡಿಯಾ ನಕ್ಷೆ ಸಿಗುತ್ತದೆಯೇ ನೋಡಿ. ಭೂದಾಖಲೆಗಳ ಕಚೇರಿಯಲ್ಲಿ ಹಳೆಯ ಗ್ರಾಮನಕ್ಷೆ ಕೇಳಿ. ಮುಳುಗಿದ ಗ್ರಾಮಕ್ಕೂ ಸರ್ವೆ ನಂಬರುಗಳಿದ್ದವು. ಅದನ್ನು ಇಂದಿನ ಉಪಗ್ರಹ ಚಿತ್ರದ ಮೇಲಿಟ್ಟು, ಈಗಲೂ ನೀರಿನ ಮೇಲಿರುವ ಎರಡು ಗುಡ್ಡಗಳನ್ನು ಗುರುತಿಟ್ಟುಕೊಂಡರೆ ಮನೆಯ ಜಾಗ ಬಹಳ ಹತ್ತಿರಕ್ಕೆ ಸಿಗುತ್ತದೆ. ನಾನು ಮಾಡಿದ್ದು ಹೀಗೆಯೇ. ಮಾಡಿದ ಮೇಲೆ ತಿಳಿಯಿತು, ನಮ್ಮ ಮನೆ ಇದ್ದದ್ದು ಆಳದಲ್ಲಲ್ಲ. ನೀರು ಪೂರ್ತಿ ಇಳಿದ ವರ್ಷ ಅಲ್ಲಿಗೆ ನಡೆದೇ ಹೋಗಬಹುದು.

ಹಿನ್ನೀರಿನಲ್ಲಿ ಹೀಗೆ ಹೊರಬರುವುದರಲ್ಲಿ ದೊಡ್ಡದು ಮಡೆನೂರು ಅಣೆಕಟ್ಟು, ಹಿರೇಭಾಸ್ಕರ ಎಂದೂ ಕರೆಯುತ್ತಾರೆ. 1940ರ ದಶಕದಲ್ಲಿ ಜೋಗದ ವಿದ್ಯುತ್ತಿಗಾಗಿಯೇ ಕಟ್ಟಿದ್ದು. ನೀರು ತುಂಬಿದಾಗ ತಾನಾಗಿ ಹರಿದುಹೋಗಲೆಂದು ಸೈಫನ್‌ಗಳನ್ನು ಕೂರಿಸಿದ್ದರು. ಲಿಂಗನಮಕ್ಕಿ ಅದನ್ನೂ ನುಂಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ, ಬೇಸಿಗೆಯ ಕೊನೆಗೆ, ಅದು ಸೈಫನ್‌ಗಳ ಸಮೇತ ಮೇಲೇಳುತ್ತದೆ, ಜನ ಅದರ ಮೇಲೆ ಓಡಾಡುತ್ತಾರೆ. ಒಂದು ಅಣೆಕಟ್ಟಿನೊಳಗೆ ಇನ್ನೊಂದು ಅಣೆಕಟ್ಟು ಮುಳುಗಿರುವುದನ್ನು ಕಣ್ಣಾರೆ ನೋಡಬೇಕು. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಸಿಗಂದೂರಿಗೆ ದಾಟುತ್ತಿದ್ದ ಕಾಲದಲ್ಲಿ ನಡುನೀರಿಗೆ ಬಂದಾಗ ಹಿರಿಯರು ಕೈ ತೋರಿಸಿ, ಅಗೋ ಅಲ್ಲಿ ಇಂಥ ಊರು, ಇಲ್ಲಿ ಇಂಥವರ ತೋಟ ಎನ್ನುತ್ತಿದ್ದರು. 2025ರ ಜುಲೈಯಲ್ಲಿ ಸೇತುವೆ ಆಯಿತು. ಅದು ಬೇಕೇಬೇಕಿತ್ತು, ಆಚೆ ದಡದವರು ಹತ್ತಾರು ವರ್ಷ ಅದಕ್ಕಾಗಿ ಕಾದಿದ್ದರು. ಈಗ ಕಾರು ಎರಡೇ ಮೂರು ನಿಮಿಷದಲ್ಲಿ ದಾಟಿಬಿಡುತ್ತದೆ, ಕೈ ತೋರಿಸುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಹಾಗಾಗಿ ಅಜ್ಜಿಯ ಹತ್ತಿರ ಕುಳಿತು ಕೇಳುವ ಕೆಲಸವನ್ನು ಮುಂದೂಡಬೇಡಿ. ಮನೆ ಯಾವ ದಿಕ್ಕಿಗೆ ಮುಖ ಮಾಡಿತ್ತು, ಬಾವಿ ಎಡಕ್ಕೋ ಬಲಕ್ಕೋ, ಹೊಳೆಗೆ ಎಷ್ಟು ಹೆಜ್ಜೆ, ದನ ಯಾವ ಗುಡ್ಡಕ್ಕೆ ಹೋಗುತ್ತಿತ್ತು ಎಂದು ಕೇಳಿ. ಊರಿನ ಕಥೆ ಹೇಳಿ ಎಂದರೆ ಕಣ್ಣೀರು ಬರುತ್ತದೆ, ಮಾತು ನಿಲ್ಲುತ್ತದೆ. ದಾರಿ ಕೇಳಿದರೆ ಹೇಳುತ್ತಾ ಹೋಗುತ್ತಾರೆ.

ನಮ್ಮ ದೊಡ್ಡಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ನಕ್ಷೆ ಬರೆದುಕೊಟ್ಟಿದ್ದಾರೆ. ಅಳತೆಯೆಲ್ಲ ಹೆಜ್ಜೆಯಲ್ಲಿ, ಅದೂ ಹನ್ನೊಂದು ವರ್ಷದ ಹುಡುಗನ ಹೆಜ್ಜೆ ಎಂದು ಪಕ್ಕದಲ್ಲಿ ಬರೆದಿದ್ದಾರೆ. ಜಗಲಿಯಿಂದ ಬಾವಿಗೆ 24, ಬಾವಿಯಿಂದ ದಣಪೆಗೆ 60. ಅಡುಗೆಮನೆಯ ಮೂಲೆಯಲ್ಲಿ ಒಂದು ಸಣ್ಣ ವೃತ್ತ ಹಾಕಿ ಅದರೊಳಗೆ ಚುಕ್ಕಿ ಇಟ್ಟಿದ್ದಾರೆ. ಅದು ಒರಳು.

ಬರುವ ಮೇ ಕೊನೆಗೆ ನಾನು ಊರಿಗೆ ಬರುತ್ತೇನೆ. ನೀರು ಇಳಿದಿದ್ದರೆ ದೊಡ್ಡಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೋಗುವುದೆಂದು ತೀರ್ಮಾನವಾಗಿದೆ. ನಿಮ್ಮ ಅಜ್ಜಿಯ ಊರು ಯಾವುದೆಂದು ತಿಳಿಸಿ, ನನ್ನ ಹತ್ತಿರವಿರುವ ಗ್ರಾಮನಕ್ಷೆಗಳಲ್ಲಿ ನೋಡುತ್ತೇನೆ. ಅವರು ನಡೆಯುವಂತಿದ್ದರೆ ಅವರನ್ನೂ ಕರೆತನ್ನಿ. ಕೊಡೆ ಮರೆಯಬೇಡಿ, ಅಲ್ಲಿ ಈಗ ಒಂದು ಮರದ ನೆರಳೂ ಇಲ್ಲ.