ಬೆಟಾಲಿಯನ್ ಕಮಾಂಡರ್ ಹಿಂದೆ ಕೂತು ಆರ್ಡರ್ ಕೊಟ್ಟರೆ ಸಾಕಲ್ವಾ, ಮುಂದೆ ಹೋಗಿ ಸಾಯೋದು ಯಾಕೆ?

ತೀರ್ಥಹಳ್ಳಿ ಹತ್ತಿರ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ರಿಟೈರ್ಡ್ ಹವಾಲ್ದಾರ್ ಇದ್ದಾರೆ. ಅಡಿಕೆ ಸುಲಿಯುವಾಗ ಇದನ್ನೇ ಕೇಳಿದೆ. ಮೆಟ್ಟುಗತ್ತಿಯಿಂದ ಕಣ್ಣೆತ್ತದೆ "ರಂಜಿತ್ ರಾಯ್ ಕಥೆ ಓದು ಮಾರಾಯ" ಅಂದರು.

ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ 1 ಸಿಖ್ ಬೆಟಾಲಿಯನ್ನಿನ (ಭಾರತೀಯ ಸೇನೆಯ ಸಿಖ್ ರೆಜಿಮೆಂಟಿನ ಒಂದನೇ ಪಡೆ) ಕಮಾಂಡರ್. 1947ರ ಅಕ್ಟೋಬರ್ 27ರ ಬೆಳಿಗ್ಗೆ ಡಕೋಟಾ ವಿಮಾನದಲ್ಲಿ ಶ್ರೀನಗರಕ್ಕೆ ಹೊರಟಾಗ ಅಲ್ಲಿನ ಏರ್‌ಫೀಲ್ಡ್ ಯಾರ ಕೈಲಿದೆ ಅನ್ನೋದೇ ಖಾತ್ರಿ ಇರಲಿಲ್ಲ, ಮೇಲಿಂದ ನೋಡಿಕೊಂಡೇ ಇಳಿಯಬೇಕಿತ್ತು. ಇಳಿದರು. ಜೊತೆಗಿದ್ದದ್ದು ಬೆಟಾಲಿಯನ್ನಿನ ಒಂದು ಭಾಗ ಮಾತ್ರ.

ಅವರು ಏರ್‌ಫೀಲ್ಡಲ್ಲೇ ಕಾಯಬಹುದಿತ್ತು. ಆದರೆ ಪಾಕಿಸ್ತಾನದ ಕಡೆಯಿಂದ ಕಾಶ್ಮೀರಕ್ಕೆ ನುಗ್ಗಿದ್ದ ದಾಳಿಕೋರರು ಆಗಲೇ ಬಾರಾಮುಲ್ಲಾ ತಲುಪಿದ್ದರು. ಅದು ಕಣಿವೆಯ ಬಾಯಿ, ನಮ್ಮ ಆಗುಂಬೆ ಘಾಟಿ ಇದ್ದ ಹಾಗೆ ಅಂದುಕೊಳ್ಳಿ: ಇಕ್ಕಟ್ಟಿನಲ್ಲಿ ಸ್ವಲ್ಪ ಜನ ತುಂಬಾ ಜನರನ್ನು ತಡೆಯಬಹುದು, ಅದು ದಾಟಿ ಬಯಲಿಗೆ ಬಂದರೆ ಮುಗೀತು. ಶ್ರೀನಗರದಿಂದ ಅಲ್ಲಿಗಿರೋ ದೂರ ಹೆಚ್ಚುಕಮ್ಮಿ ಶಿವಮೊಗ್ಗದಿಂದ ತೀರ್ಥಹಳ್ಳಿಯಷ್ಟೇ. ಅದಕ್ಕೇ ಮುಂದೆ ಹೋದರು. ಎದುರಿಗಿದ್ದವರು ತುಂಬಾ ಜಾಸ್ತಿ, ಹಿಂದೆ ಸರಿಯಬೇಕಾಯಿತು. ತಮ್ಮವರನ್ನು ಹಿಂದಕ್ಕೆ ಕರೆತರುವಾಗ ರಾಯ್ ಗುಂಡಿಗೆ ಬಲಿಯಾದರು.

ಸೋಲು ಅಂತೀರಾ? ಅಷ್ಟರಲ್ಲಿ ಸಿಕ್ಕ ಸಮಯದಲ್ಲಿ ಇನ್ನಷ್ಟು ಸೈನ್ಯ ಬಂದಿಳಿಯಿತು. ಏರ್‌ಫೀಲ್ಡ್ ಉಳಿಯಿತು. ನವೆಂಬರ್ 8ಕ್ಕೆ ಬಾರಾಮುಲ್ಲಾ ವಾಪಸ್ ಬಂತು. ರಾಯ್ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಿಕ್ಕಿತು. ಅಕ್ಟೋಬರ್ 27 ಈಗಲೂ ಸೇನೆಯ ಇನ್‌ಫೆಂಟ್ರಿ (ಕಾಲಾಳು ಪಡೆ) ದಿನ. ಆವತ್ತು ನಮ್ಮ ಹವಾಲ್ದಾರರು ಅಡಿಕೆ ಕೊನೆ ಕೊಯ್ಲಿಗೂ ಬರೋದಿಲ್ಲ, ಇಸ್ತ್ರಿ ಮಾಡಿದ ಅಂಗಿ ಹಾಕಿ ಜಗಲಿಯಲ್ಲಿ ಸುಮ್ನೆ ಕೂತಿರುತ್ತಾರೆ.