ಗಾಜಿನ ಕೆಲಸಕ್ಕೆ ಗ್ಲೌಸ್ ಇದ್ದರೆ ಸಾಕಾ?

ನಿಮ್ಮ ತಮ್ಮ ಬೆಂಗಳೂರಿನಲ್ಲಿ ಗ್ಲಾಸ್ ಫಿಟ್ಟಿಂಗ್ ಕೆಲಸಕ್ಕೆ ಸೇರಿದ್ದಾನೆ, ಒಳ್ಳೆ ಗ್ಲೌಸ್ ಕೊಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ಖಂಡಿತ ಕೊಡಿಸಿ. ಆದರೆ ಅಷ್ಟೇ ಸಾಲದು. ನಾನು 11 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಬೆರಳು ಕುಯ್ದುಕೊಳ್ಳುವುದು ಇದ್ದದ್ದೇ, ವಾಸಿಯಾಗುತ್ತದೆ. ನನಗೆ ಭಯ ಗಾಜಿನ ಭಾರದ್ದು.

1 ಎಂಎಂ ದಪ್ಪದ ಗಾಜು ಚದರ ಮೀಟರಿಗೆ ಎರಡೂವರೆ ಕೆಜಿ ತೂಗುತ್ತದೆ. ಅಂಗಡಿ ಬಾಗಿಲಿಗೆ ಹಾಕುವ 12 ಎಂಎಂ ಗ್ಲಾಸು, ಏಳಡಿ ಮೂರಡಿಯದು, ಹೆಚ್ಚುಕಡಿಮೆ 58 ಕೆಜಿ. ಅಂಥವು ಐದಾರು ಗೋಡೆಗೆ ಒರಗಿರುತ್ತವೆ. ಹಿಂದಿನದರ ಅಳತೆ ನೋಡಲು ಮುಂದಿನವನ್ನು ಫಿಟ್ಟರ್ ಒಬ್ಬನೇ ಎದೆಗೆ ಒರಗಿಸಿಕೊಳ್ಳುತ್ತಾನೆ. ನೆಟ್ಟಗಿರುವ ತನಕ ಭಾರವೇ ಗೊತ್ತಾಗುವುದಿಲ್ಲ. ಒಂಚೂರು ಜಾಸ್ತಿ ವಾಲಿತೋ, ಎಲ್ಲಾ ಮೈಮೇಲೆ. ಇದನ್ನು ಒಬ್ಬನೇ ಮಾಡಲೇಬಾರದು.

ನನಗೆ ಏಟಾಗಿದ್ದು ಬೀಳುವ ಗಾಜನ್ನು ಹಿಡಿಯಲು ಹೋಗಿ. ಮೆಟ್ಟಿಲಲ್ಲಿ ಇಬ್ಬರು 5 ಎಂಎಂ ಸಾದಾ ಗಾಜು ಹೊತ್ತು ಹತ್ತುತ್ತಿದ್ದೆವು. ಮೂಲೆ ಕಂಬಿಗೆ ತಗುಲಿತು. ಕಾಯಿಸಿ ಗಟ್ಟಿ ಮಾಡಿದ ಟಫನ್ ಗ್ಲಾಸಾಗಿದ್ದರೆ ಕಾಳುಕಾಳಾಗಿ ಉದುರುತ್ತಿತ್ತು. ಸಾದಾ ಗಾಜು ಹಾಗಲ್ಲ, ಮಚ್ಚಿನಂತೆ ಉದ್ದಕ್ಕೆ ಸೀಳುತ್ತದೆ. ಜಾರುತ್ತಿದ್ದ ತುಂಡಿಗೆ ಎಡಗೈ ತಾನಾಗೇ ಹೋಯಿತು. ಗ್ಲೌಸ್ ಮುಗಿಯುವಲ್ಲೇ, ಮಣಿಕಟ್ಟಿಗೆ ಕುಯ್ದಿತು. ನೋವೇ ಆಗಲಿಲ್ಲ. ಗ್ಲೌಸಿನೊಳಗೆ ಬೆಚ್ಚಗೆ ಅನ್ನಿಸಿದಾಗ ರಕ್ತ ಅಂತ ಗೊತ್ತಾಯಿತು. ಜೊತೆಗಿದ್ದ ಅಣ್ಣ ಟವಲ್ ಒತ್ತಿ, ಕೈ ಮೇಲೆತ್ತಿ ಹಿಡಿದು, ಆಸ್ಪತ್ರೆ ತಲುಪುವವರೆಗೂ ಸಡಿಲ ಬಿಡಲಿಲ್ಲ. ಬೆರಳು ಮಡಚುವ ಎರಡು ಸ್ನಾಯುರಜ್ಜು ತುಂಡಾಗಿದ್ದವು. ಈಗಲೂ ಚೊಂಬು ಹಿಡಿದರೆ ಕಿರುಬೆರಳು ಹೊರಗೇ ನಿಲ್ಲುತ್ತದೆ.

ಹಾಗಾಗಿ ಮಣಿಕಟ್ಟಿನಿಂದ ಮೊಣಕೈವರೆಗೆ ಮುಚ್ಚುವ, ಕುಯ್ಯದಂಥ ತೋಳುಗವಸನ್ನೂ ಕೊಡಿಸಿ. ಗಟ್ಟಿ ಮುಂದುಗಡೆಯ ಸೇಫ್ಟಿ ಶೂ ಕೊಡಿಸಿ. ಗಾಜು ಕೈ ತಪ್ಪಿದರೆ ಬಿಟ್ಟು ಹಿಂದೆ ಸರಿ ಅಂತ ದಿನಾ ಹೇಳಿ. ಕೈ ಸುಮ್ನೆ ಇರುವುದಿಲ್ಲ, ಅದನ್ನು ರೂಢಿ ಮಾಡಿಸಬೇಕು.

ಇವತ್ತೇ ಫೋನ್ ಮಾಡಿ ಎರಡು ವಿಷಯ ಕೇಳಿ. ಒಂದು, ಇಎಸ್‌ಐ, ಅಂದರೆ ಕೆಲಸಗಾರರಿಗಿರುವ ಸರ್ಕಾರಿ ವಿಮೆ, ಮಾಡಿಸಿದ್ದಾರಾ ಅಂತ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವರಿಗೆ ಅದು ಸಿಗುತ್ತದೆ. ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿ ಕೂತರೆ ಸಂಬಳದ 90% ಬರುತ್ತದೆ. ಇನ್ನೊಂದು, ಒಡೆದ ಗಾಜಿನ ದುಡ್ಡನ್ನು ಸಂಬಳದಲ್ಲಿ ಹಿಡಿಯುತ್ತಾರಾ ಅಂತ. ನಾನಿದ್ದ ಕಡೆ ಹಿಡಿಯುತ್ತಿದ್ದರು. ನನ್ನ ಕೈ ಆ ತುಂಡಿನ ಹಿಂದೆ ಹೋಗಿದ್ದು ಅದಕ್ಕೇ. ಹೌದು ಅಂದರೆ ಬೇರೆ ಅಂಗಡಿ ನೋಡಿಕೊಳ್ಳಲು ಹೇಳಿ. ಫಿಟ್ಟರ್ ಕೆಲಸ ಬೆಂಗಳೂರಿನಲ್ಲಿ ಇನ್ನೊಂದು ಕಡೆ ಸಿಗುತ್ತದೆ.