ಸಂಪಾದಕರ ಉತ್ತರ: ಧೂಳು ಹೀರುವ ಯಂತ್ರ ಯಾವ ಲೆಕ್ಕಕ್ಕೆ ಸೇರಬೇಕು?

ಮಾನ್ಯರೇ,

ಬೆಳಗಾವಿಯ ಉದ್ಯಮಬಾಗದಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ನಿಮ್ಮ ಕೋರಿಕೆಯಂತೆ ನಿಮ್ಮ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಇಲ್ಲಿ ಪ್ರಕಟಿಸುತ್ತಿಲ್ಲ. ಇತರ ಓದುಗರ ಅನುಕೂಲಕ್ಕಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಕಬ್ಬಿಣದ ಎರಕ ಹೊಯ್ದು, ಅದನ್ನು ಯಂತ್ರಗಳಲ್ಲಿ ಕಡೆದು ಬಿಡಿಭಾಗಗಳನ್ನು ತಯಾರಿಸುವ ಎಂಜಿನಿಯರಿಂಗ್ ಕಂಪನಿಯೊಂದರಲ್ಲಿ ನೀವು ಸೂಪರ್‌ವೈಸರ್. ಗುತ್ತಿಗೆಯವರೂ ಸೇರಿದಂತೆ ಅಲ್ಲಿ ಸುಮಾರು 400 ಜನ ದುಡಿಯುತ್ತಾರೆ. ಉದ್ಯೋಗಿಗಳ ಕ್ಷೇಮ ಹಾಗೂ ಸಮುದಾಯ ಸೇವೆಗೆಂದು ಆಡಳಿತ ವರ್ಗ ಈ ವರ್ಷ ಒಂದು ಸಮಿತಿ ರಚಿಸಿ, ಸ್ವಲ್ಪ ಹಣ ತೆಗೆದಿರಿಸಿ, ಯೋಜನೆ ಕೊಡಿ ಎಂದು ಕೇಳಿದೆ. ಬೆಳಗಿನ ಯೋಗ, ರಕ್ತ ತಪಾಸಣೆ ಶಿಬಿರ, ಒತ್ತಡ ನಿವಾರಣೆಯ ಉಪನ್ಯಾಸ, ಪಕ್ಕದ ಊರಿನ ಸರ್ಕಾರಿ ಶಾಲೆಗೆ ಸುಣ್ಣಬಣ್ಣ ಎಂದು ಪಟ್ಟಿ ಸಿದ್ಧವಾಗುತ್ತಿದ್ದಾಗ ಎರಕಕ್ಕೆ ಅಂಟಿದ ಮರಳನ್ನೂ ಒರಟು ಅಂಚುಗಳನ್ನೂ ಕೆರೆದು ತೆಗೆಯುವ ಫೆಟ್ಲಿಂಗ್ ವಿಭಾಗದ ಯುವಕನೊಬ್ಬ ಎದ್ದು, "ನಮ್ಮ ವಿಭಾಗದ ಧೂಳು ಹೀರುವ ಯಂತ್ರ ಕೆಟ್ಟು ನಿಂತಿದೆಯಲ್ಲ, ಅದು ಕ್ಷೇಮದ ಲೆಕ್ಕಕ್ಕೆ ಬರುವುದಿಲ್ಲವೇ?" ಎಂದು ಕೇಳಿದ. ಅದು ದುರಸ್ತಿ ಖಾತೆಯ ವಿಷಯ, ಈ ಸಮಿತಿಗೆ ಸಂಬಂಧಿಸಿದ್ದಲ್ಲ ಎಂದು ಅಧಿಕಾರಿಯೊಬ್ಬರು ಉತ್ತರಿಸಿದರು. ಇಬ್ಬರಲ್ಲಿ ಯಾರು ಸರಿ ಎಂಬುದು ನಿಮ್ಮ ಪ್ರಶ್ನೆ.

ಆ ಯುವಕನೇ ಸರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹಣ ಯಾವ ಖಾತೆಯಿಂದ ಹೋಗಬೇಕೆಂಬುದು ಲೆಕ್ಕಪತ್ರ ವಿಭಾಗ ತೀರ್ಮಾನಿಸುವ ಸಂಗತಿ. ಯಾವ ಕೆಲಸ ಮೊದಲು ಆಗಬೇಕು ಎಂಬುದು ನಿಮ್ಮ ಸಮಿತಿ ತೀರ್ಮಾನಿಸಬೇಕಾದ ಸಂಗತಿ. ದುಡಿಯುವವನ ಶ್ವಾಸಕೋಶವನ್ನು ದುರಸ್ತಿ ಖಾತೆಗೂ ಅವನ ಮನಸ್ಸಿನ ನೆಮ್ಮದಿಯನ್ನು ಕ್ಷೇಮದ ಖಾತೆಗೂ ಹಂಚಿಕೊಟ್ಟರೆ, ಎರಡರ ನಡುವೆ ಬಿದ್ದುಹೋಗುವವನು ಆ ಮನುಷ್ಯನೇ.

ಫೆಟ್ಲಿಂಗ್ ಕೆಲಸ ನೋಡದವರಿಗೆ ಈ ಮಾತು ಉತ್ಪ್ರೇಕ್ಷೆ ಎನಿಸಬಹುದು. ಎರಕದ ಅಚ್ಚನ್ನು ಕಟ್ಟುವುದು ಸಿಲಿಕಾ ತುಂಬಿದ ಮರಳಿನಿಂದ. ಕರಗಿದ ಕಬ್ಬಿಣ ಅದರೊಳಗೆ ಗಟ್ಟಿಯಾದ ಮೇಲೆ ಅಚ್ಚನ್ನು ಒಡೆದು, ಎರಕಕ್ಕೆ ಸುಟ್ಟು ಅಂಟಿಕೊಂಡ ಮರಳನ್ನು ಕೆರೆದು, ಅಂಚುಗಳನ್ನು ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು ತೆಗೆಯುತ್ತಾರೆ. ಆಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳಿಂದ ಆಗುವ ಅಪಾಯ ಕಡಿಮೆ. ಅವು ಮೂಗು ಗಂಟಲಲ್ಲೇ ನಿಲ್ಲುತ್ತವೆ. ಕಣ್ಣಿಗೆ ಕಾಣದ, ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳು ಮಾತ್ರ ಶ್ವಾಸಕೋಶದ ಆಳಕ್ಕೆ ಇಳಿದು, ಅಲ್ಲಿ ಗಾಯದ ಕಲೆಯಂಥ ಗಂಟುಗಳನ್ನು ಉಂಟುಮಾಡುತ್ತವೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ಕಾಯಿಲೆ ಮುಂದುವರಿಯಬಹುದು, ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚುತ್ತದೆ; ಎಷ್ಟೋ ಸಲ ಇದನ್ನೇ ಕ್ಷಯವೆಂದು ತಿಳಿದು ವರ್ಷಗಟ್ಟಲೆ ಚಿಕಿತ್ಸೆ ಕೊಡುವುದುಂಟು. ಇದೇ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1997ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ರೋಗಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುವುದರಿಂದ, ಇಂದು ಕೆಟ್ಟು ನಿಂತಿರುವ ಯಂತ್ರದ ಬೆಲೆಯನ್ನು ತೆರುವ ಹೊತ್ತಿಗೆ ಆ ಯುವಕ ಬೇರೆ ಊರಿನಲ್ಲೋ ಬೇರೆ ಕಂಪನಿಯಲ್ಲೋ ಇರುತ್ತಾನೆ. ಆಗ ಅವನ ಕೆಮ್ಮಿಗೂ ನಿಮ್ಮ ಫೌಂಡ್ರಿಗೂ, ಅಂದರೆ ಎರಕದ ಕಾರ್ಖಾನೆಗೂ, ಸಂಬಂಧ ಕಲ್ಪಿಸುವವರು ಯಾರೂ ಇರುವುದಿಲ್ಲ.

ಇಲ್ಲಿ ಕಾನೂನೂ ಅವನ ಪರವಾಗಿದೆ. ಭೋಪಾಲ್ ದುರಂತದ ಬಳಿಕ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಪ್ರತ್ಯೇಕ ಅಧ್ಯಾಯವೊಂದನ್ನು ಸೇರಿಸಲಾಯಿತು. ಅದಕ್ಕೆ ಲಗತ್ತಾದ ಉದ್ಯಮಗಳ ಪಟ್ಟಿಯಲ್ಲಿ ಫೌಂಡ್ರಿಗಳನ್ನು ಸ್ಪಷ್ಟವಾಗಿ ಹೆಸರಿಸಲಾಗಿತ್ತು. ಅಂಥ ಕಾರ್ಖಾನೆಯಲ್ಲಿ ಕಾರ್ಮಿಕರೂ ಆಡಳಿತ ವರ್ಗದವರೂ ಸಮ ಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕೆಂದು ಆ ಅಧ್ಯಾಯ ಹೇಳಿತ್ತು. ಅಪಾಯದ ಕೆಲಸಕ್ಕೆ ಹಚ್ಚುವ ಮೊದಲೂ, ಆಮೇಲೆ 12 ತಿಂಗಳು ಮೀರದಂತೆಯೂ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ತನ್ನ ಆರೋಗ್ಯದ ದಾಖಲೆಯನ್ನು ನೋಡುವ ಹಕ್ಕು, ಅಪಾಯ ಕಣ್ಣೆದುರಿಗಿದೆ ಎನಿಸಿದಾಗ ಅದನ್ನು ಆಡಳಿತದ ಗಮನಕ್ಕೆ ತರುವ ಹಕ್ಕು ಕಾರ್ಮಿಕನಿಗಿದೆ. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆಯ ಸಂಹಿತೆಯೂ ಈ ಅಧ್ಯಾಯದ ತಿರುಳನ್ನು ಉಳಿಸಿಕೊಂಡಿದೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿರುವ ರಕ್ತ ತಪಾಸಣೆ ಶಿಬಿರವನ್ನು ನಾನು ಬೇಡವೆನ್ನುವುದಿಲ್ಲ. ಸಕ್ಕರೆ, ರಕ್ತದೊತ್ತಡ ನೋಡಿಸುವುದು ಒಳ್ಳೆಯದೇ. ಆದರೆ ಫೆಟ್ಲಿಂಗ್‌ನವನಿಗೆ ಬೇಕಾಗಿರುವುದು ಎದೆಯ ಎಕ್ಸ್‌ರೇ, ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಮತ್ತು ಕಿವಿಯ ಪರೀಕ್ಷೆ. ಅವು ಕಂಪನಿ ಪ್ರೀತಿಯಿಂದ ಕೊಡುವ ಉಡುಗೊರೆಗಳಲ್ಲ; ಮೊದಲಿನಿಂದಲೂ ಕೊಡಬೇಕಾಗಿದ್ದ ಬಾಕಿ.

ಯಂತ್ರ ಸರಿಯಾಗುವವರೆಗೆ ಮಾಸ್ಕ್ ಕೊಟ್ಟಿದ್ದೇವೆ ಎಂದು ಅಧಿಕಾರಿಗಳು ಹೇಳಿದ್ದನ್ನೂ ನೀವು ಬರೆದಿದ್ದೀರಿ. ಸುರಕ್ಷತೆಯ ಶಾಸ್ತ್ರದಲ್ಲಿ ಮಾಸ್ಕ್ ಕಟ್ಟಕಡೆಯ ಉಪಾಯ. ಅಪಾಯವನ್ನೇ ತೆಗೆದುಹಾಕುವುದು, ಅದು ಸಾಧ್ಯವಿಲ್ಲದಿದ್ದರೆ ಕಡಿಮೆ ಅಪಾಯದ ವಸ್ತು ಬಳಸುವುದು, ಬಳಿಕ ಧೂಳನ್ನು ಹುಟ್ಟುವ ಜಾಗದಲ್ಲೇ ಹೀರಿಕೊಳ್ಳುವುದು, ಅನಂತರ ಕೆಲಸದ ಅವಧಿ ತಗ್ಗಿಸುವುದು, ಇವೆಲ್ಲ ಮುಗಿದ ಮೇಲೆ ಉಳಿದುದಕ್ಕೆ ಮಾಸ್ಕ್. ಬಟ್ಟೆಯ ಮಾಸ್ಕ್ ಅಂತೂ ಸಿಲಿಕಾ ಕಣವನ್ನು ತಡೆಯುವುದೇ ಇಲ್ಲ. ಎನ್95 ತಡೆಯುತ್ತದಾದರೂ ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಕೂರುವುದಿಲ್ಲ, ಕಬ್ಬಿಣ ಕರಗಿಸುವ ಫರ್ನೆಸ್ ಪಕ್ಕದ ಬಿಸಿಯಲ್ಲಿ ಅದನ್ನು ಎಂಟು ಗಂಟೆ ಹಾಕಿಕೊಂಡಿರುವುದೂ ಕಷ್ಟ. ಮಾಸ್ಕ್ ಹಾಕದವನನ್ನು ಬೈಯುವ ಮೊದಲು ಅದನ್ನು ಹಾಕಿಕೊಂಡು ಒಂದು ಶಿಫ್ಟ್ ನಿಂತು ನೋಡುವಂತೆ ಸಮಿತಿಯ ಸದಸ್ಯರಿಗೆ ಹೇಳಿ.

ನಿಮ್ಮ ಊರಿನ ಮಳೆಗಾಲವನ್ನು ಬಲ್ಲವನಾದ್ದರಿಂದ ಇನ್ನೊಂದು ವಿಷಯವನ್ನೂ ಸೇರಿಸುತ್ತೇನೆ. ನಿಮ್ಮ ಪತ್ರದಲ್ಲಿ ಅದು ಇಲ್ಲ. ಗುಜರಿ ಕಬ್ಬಿಣವನ್ನು ಬಯಲಲ್ಲಿ ರಾಶಿ ಹಾಕುವ ಪದ್ಧತಿ ಅನೇಕ ಫೌಂಡ್ರಿಗಳಲ್ಲಿದೆ. ಮಳೆಯಲ್ಲಿ ನೆನೆದ ತುಂಡನ್ನೋ, ಒಳಗೆ ನೀರು ನಿಂತ ಕೊಳವೆಯನ್ನೋ 1,400 ಡಿಗ್ರಿ ದಾಟಿದ ಲೋಹದೊಳಕ್ಕೆ ಹಾಕಿದರೆ ಆ ನೀರು ಕ್ಷಣಮಾತ್ರದಲ್ಲಿ ಆವಿಯಾಗಿ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಫರ್ನೆಸ್ಸಿನ ಲೋಹ ಸಿಡಿದು ಸುತ್ತ ನಿಂತವರ ಮೇಲೆ ಬೀಳುತ್ತದೆ. ಇದನ್ನು ತಪ್ಪಿಸಲು ಬೇಕಾಗಿರುವುದು ಗುಜರಿ ರಾಶಿಯ ಮೇಲೆ ಒಂದು ತಗಡಿನ ಸೂರು, ಹಾಕುವ ಮೊದಲು ಅದನ್ನು ಒಣಗಿಸುವ ವ್ಯವಸ್ಥೆ ಮತ್ತು ಒದ್ದೆ ಮಾಲು ಬಂದರೆ ಬೇಡವೆನ್ನುವ ಅಧಿಕಾರ ಫರ್ನೆಸ್ ಮೇಲಿರುವವನಿಗೆ. ನಿಮ್ಮ ಸಮಿತಿಗೆ ದೊರೆತಿರುವ ಹಣದಲ್ಲಿ ಆ ಸೂರು ಎದ್ದರೆ, ನನ್ನ ದೃಷ್ಟಿಯಲ್ಲಿ ಅದೂ ಉದ್ಯೋಗಿ ಕ್ಷೇಮವೇ.

ಯೋಗದ ಬಗ್ಗೆ ನಿಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ಹಗುರವಾಗಿ ಮಾತನಾಡಿದ್ದು ನನಗೆ ಹಿಡಿಸಲಿಲ್ಲ. ದಿನವಿಡೀ ಬಗ್ಗಿ ಅಚ್ಚು ಕಟ್ಟುವವರ ಸೊಂಟಕ್ಕೆ, ಲೇತ್ ಮುಂದೆ ನಿಲ್ಲುವವರ ಮಂಡಿಗೆ ಕೈಕಾಲು ಸಡಿಲಿಸುವ ಹತ್ತು ನಿಮಿಷದ ಅಭ್ಯಾಸದಿಂದ ನಿಜವಾದ ಪ್ರಯೋಜನವಿದೆ. ಅದನ್ನು ಶಿಫ್ಟಿನ ಒಳಗೆ, ಸಂಬಳದ ಸಮಯದಲ್ಲಿ ಮಾಡಿಸಬೇಕು ಎಂಬುದಷ್ಟೇ ನನ್ನ ಒತ್ತಾಯ. ಒತ್ತಡ ನಿವಾರಣೆಯ ಉಪನ್ಯಾಸದ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಉತ್ಸಾಹವಿಲ್ಲ. ಮುಂದಿನ ವಾರ ತನಗೆ ಯಾವ ಶಿಫ್ಟ್ ಎಂದು ಶನಿವಾರ ಸಂಜೆಯವರೆಗೂ ಗೊತ್ತಾಗದವನಿಗೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ದಾಟಿ ದುಡಿದರೂ ಹೆಚ್ಚುವರಿ ದುಡಿಮೆಗೆ (ಓಟಿ) ಎರಡು ಪಟ್ಟು ಕೂಲಿ ಸಿಗದವನಿಗೆ ಉಪನ್ಯಾಸ ಏನು ಮಾಡೀತು? ಶಿಫ್ಟಿನ ಪಟ್ಟಿಯನ್ನು ತಿಂಗಳ ಮೊದಲೇ ಸೂಚನಾ ಫಲಕಕ್ಕೆ ಹಾಕಿಸಿ. ಅದೇ ಫಲಕದಲ್ಲಿ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ದೊಡ್ಡದಾಗಿ ಬರೆಸಿ. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಈ ಸೇವೆ 2022ರ ಅಕ್ಟೋಬರ್‌ನಿಂದ ಉಚಿತವಾಗಿ, ದಿನದ 24 ಗಂಟೆಯೂ ದೊರೆಯುತ್ತಿದೆ. ಕನ್ನಡದಲ್ಲೇ ಮಾತನಾಡಬಹುದು, ಮಾತನಾಡಿದ್ದು ಕಂಪನಿಗೆ ತಿಳಿಯುವುದಿಲ್ಲ.

ಗೇಟಿನ ಬಳಿ ಅಪಘಾತವಿಲ್ಲದ ದಿನಗಳನ್ನು ಎಣಿಸುವ ಫಲಕವಿದೆ, ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಹೆಚ್ಚು ದಿನ ದಾಟಿದ ವಿಭಾಗಕ್ಕೆ ಬಹುಮಾನ ಕೊಡುತ್ತಾರೆ, ಇದು ಒಳ್ಳೆಯ ಪದ್ಧತಿಯೇ ಎಂದೂ ಕೇಳಿದ್ದೀರಿ. ಉದ್ದೇಶ ಒಳ್ಳೆಯದು, ಪರಿಣಾಮ ಹಲವು ಕಡೆ ಕೆಟ್ಟದು. ಒಬ್ಬನ ಬೆರಳು ಜಜ್ಜಿದರೆ ಇಡೀ ವಿಭಾಗದ ಬಹುಮಾನ ತಪ್ಪುತ್ತದೆ ಎಂದಾದಾಗ ಅವನನ್ನು ಹಿಂದಿನ ಬಾಗಿಲಿನಿಂದ ಖಾಸಗಿ ಕ್ಲಿನಿಕ್ಕಿಗೆ ಕರೆದೊಯ್ದು, ನಾಲ್ಕು ಹೊಲಿಗೆ ಹಾಕಿಸಿ, ಮನೆಯಲ್ಲಿ ಬಿದ್ದೆ ಎಂದು ಬರೆಸುತ್ತಾರೆ. ಇದರಿಂದ ಅವನಿಗೆ ಆಗುವ ನಷ್ಟ ದೊಡ್ಡದು. ಕೆಲಸದಲ್ಲಾದ ಗಾಯವೆಂದು ದಾಖಲಾಗಿದ್ದರೆ ಗುಣವಾಗುವವರೆಗೆ ಸರಾಸರಿ ದಿನಗೂಲಿಯ ಶೇ 90ರಷ್ಟನ್ನು ನೌಕರರ ರಾಜ್ಯ ವಿಮೆ (ಇಎಸ್‌ಐ) ಕೊಡುತ್ತದೆ, ಬೆರಳು ಶಾಶ್ವತವಾಗಿ ಊನವಾದರೆ ಜೀವನಪರ್ಯಂತ ಪರಿಹಾರವೂ ಇದೆ. ದಾಖಲೆ ಇಲ್ಲದಿದ್ದರೆ ಎರಡೂ ಕೈತಪ್ಪುತ್ತವೆ. ಗಾಯದಿಂದ 48 ಗಂಟೆ ಕೆಲಸ ತಪ್ಪಿದರೆ ಕಾರ್ಖಾನೆಗಳ ಇಲಾಖೆಗೆ ತಿಳಿಸಬೇಕೆಂಬ ನಿಯಮವೂ ಮುರಿದಂತಾಗುತ್ತದೆ. ಬಹುಮಾನ ಕೊಡಲೇಬೇಕಿದ್ದರೆ, ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ಹೆಚ್ಚು ವರದಿ ಮಾಡಿದ ವಿಭಾಗಕ್ಕೆ ಕೊಡಿ. ಸರಪಳಿ ಜಾರಿತು, ಕರಗಿದ ಲೋಹ ತುಂಬಿದ ಲ್ಯಾಡಲ್ ವಾಲಿತು, ಯಾರಿಗೂ ಏನೂ ಆಗಲಿಲ್ಲ ಎಂಬ ವರದಿ ಬಂದ ದಿನವೇ ಸರಪಳಿ ಬದಲಾಗುವುದಾದರೆ ಜನ ತಾವಾಗಿಯೇ ಬಂದು ಹೇಳುತ್ತಾರೆ.

ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿರುವ ಸಂಗತಿಯೊಂದು ನನ್ನನ್ನು ಬಹಳ ಕಾಡಿತು: ಈ ಎಲ್ಲ ಕಾರ್ಯಕ್ರಮಗಳು ಕಾಯಂ ನೌಕರರಿಗೆ ಮಾತ್ರ, ಫೆಟ್ಲಿಂಗ್ ಮತ್ತು ಮರಳಿನ ವಿಭಾಗದಲ್ಲಿರುವವರು ಬಹುತೇಕ ಗುತ್ತಿಗೆಯವರು. ಹಾಗಿದ್ದರೆ ಅತಿ ಹೆಚ್ಚು ಧೂಳು ಕುಡಿಯುವವನಿಗೆ ಅತಿ ಕಡಿಮೆ ಕ್ಷೇಮ ಎಂದಾಯಿತು. 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ ಪ್ರಕಾರವೂ ಗುತ್ತಿಗೆದಾರನ ಮೂಲಕ ಬಂದವನು ಕಾರ್ಮಿಕನೇ ಆಗಿದ್ದ. ಸುರಕ್ಷತೆಯ ಹೊಣೆಯನ್ನು ಗುತ್ತಿಗೆದಾರನ ಹೆಗಲಿಗೆ ದಾಟಿಸಲು ಬರುವುದಿಲ್ಲ. ನಿಮ್ಮ ಸಮಿತಿಯಲ್ಲಿ ಗುತ್ತಿಗೆಯವರ ಪ್ರತಿನಿಧಿಗಳು ಕನಿಷ್ಠ ಇಬ್ಬರಾದರೂ ಇರಲಿ. ಹೊರರಾಜ್ಯದಿಂದ ಬಂದವರು ಇದ್ದರೆ ಎಚ್ಚರಿಕೆಯ ಫಲಕಗಳು ಕನ್ನಡದ ಜೊತೆಗೆ ಅವರು ಓದಬಲ್ಲ ಭಾಷೆಯಲ್ಲೂ ಇರಲಿ.

ಇನ್ನು ಸಮುದಾಯ ಸೇವೆ. ಕಂಪನಿಗೆ ಎಲ್ಲಕ್ಕಿಂತ ಹತ್ತಿರದ ಸಮುದಾಯವೆಂದರೆ ಕಾರ್ಮಿಕರ ಮನೆಯವರು. ಧೂಳು ಹಿಡಿದ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವ ಅಪ್ಪ, ಆ ಬಟ್ಟೆಯನ್ನು ಕೊಡವಿ ಒಗೆಯುವ ಅಮ್ಮ, ಇವರಿಗೂ ಫೌಂಡ್ರಿಯ ಧೂಳಿನ ಪಾಲು ಸಿಗುತ್ತದೆ. ಸ್ನಾನಕ್ಕೆ ನೀರು, ಬಟ್ಟೆ ಬದಲಿಸಲು ಕೋಣೆ, ಕೆಲಸದ ಬಟ್ಟೆಯನ್ನು ಕಾರ್ಖಾನೆಯಲ್ಲೇ ಒಗೆಸುವ ಏರ್ಪಾಡು ಆದರೆ ಅಷ್ಟೂ ಮನೆಗಳಿಗೆ ಉಪಕಾರವಾಗುತ್ತದೆ. ಅವರ ನಂತರದವರು ಗೋಡೆಯಾಚೆಯ ಊರಿನವರು. ಶಾಲೆಗೆ ಬಣ್ಣ ಬಳಿಯುವ ಮೊದಲು, ನಿಮ್ಮ ಬಳಸಿ ಬಿಟ್ಟ ಮರಳು ಆ ಊರಿನ ಯಾವ ಹಳ್ಳದ ದಡದಲ್ಲಿ ಬೀಳುತ್ತಿದೆ ಎಂದು ನೋಡಿ ಬನ್ನಿ. ಆ ಮರಳನ್ನು ಪರೀಕ್ಷೆ ಮಾಡಿಸಿ ಕಟ್ಟಡದ ಬ್ಲಾಕ್ ತಯಾರಿಕೆಗೋ ರಸ್ತೆಯ ತಳಕ್ಕೋ ಬಳಸಲು ಅವಕಾಶವಿದೆ.

ಎರಡು ಪರ್ಸೆಂಟಿನ ಕಾನೂನು ನಮಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕಂಪನಿಯ ಲೆಕ್ಕಪತ್ರದಲ್ಲಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಯಾವುದೊಂದನ್ನು ಮುಟ್ಟಿದರೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವೆಚ್ಚ ಮಾಡಬೇಕು. ತನ್ನ ನೌಕರರಿಗೇ ಅನುಕೂಲವಾಗುವ ಖರ್ಚನ್ನು ಆ ಲೆಕ್ಕದಲ್ಲಿ ತೋರಿಸುವಂತಿಲ್ಲ ಎಂದು 2021ರ ನಿಯಮ ತಿದ್ದುಪಡಿ ಹೇಳುತ್ತದೆ. ಆದ್ದರಿಂದ ಕ್ಷೇಮದ ಹಣ ಬೇರೆ, ಸೇವೆಯ ಹಣ ಬೇರೆ ಎಂದು ಮೊದಲ ಸಭೆಯಲ್ಲೇ ಬರೆಸಿಕೊಳ್ಳಿ; ಇಲ್ಲದಿದ್ದರೆ ಒಂದನ್ನು ತೋರಿಸಿ ಇನ್ನೊಂದನ್ನು ಕಡಿಮೆ ಮಾಡುವ ದಾರಿ ತೆರೆದೇ ಇರುತ್ತದೆ. ಶಾಲೆಯ ವಿಷಯದಲ್ಲಿ ನನ್ನದೊಂದು ಸಲಹೆ ಇದೆ. ಬಣ್ಣ ಬಳಿಯುವವರು ಊರಿನಲ್ಲೇ ಸಿಗುತ್ತಾರೆ. ಶಾಲೆಯ ಹಳೆಯ ವಿದ್ಯುತ್ ತಂತಿಗಳನ್ನು ಪರೀಕ್ಷಿಸಿ ಸರಿಪಡಿಸಬಲ್ಲ ಎಲೆಕ್ಟ್ರಿಷಿಯನ್, ಬಿಸಿಯೂಟದ ಕೋಣೆಯ ಗ್ಯಾಸ್ ಜೋಡಣೆಯನ್ನು ಪರಿಶೀಲಿಸಬಲ್ಲ ಫಿಟ್ಟರ್, ಪ್ರಥಮ ಚಿಕಿತ್ಸೆ ಕಲಿಸಬಲ್ಲ ತರಬೇತಾದ ಕಾರ್ಮಿಕ ನಿಮ್ಮಲ್ಲಿದ್ದಾರೆ. ನಿಮ್ಮ ಕೈಕಸುಬನ್ನೇ ಊರಿಗೆ ಕೊಡಿ.

ಕೊನೆಯದಾಗಿ, ಸೇವಾ ಕಾರ್ಯ ಭಾನುವಾರ ನಡೆಯುತ್ತದೆ, ಬಂದವರ ಹಾಜರಿಯನ್ನು ವಾರ್ಷಿಕ ಮೌಲ್ಯಮಾಪನಕ್ಕೆ ಪರಿಗಣಿಸಲಾಗುವುದು ಎಂಬ ಸೂಚನೆಯ ಬಗ್ಗೆ ನೀವು ಅಭಿಪ್ರಾಯ ಕೇಳಿದ್ದೀರಿ. ಇದನ್ನು ಖಂಡಿತ ಒಪ್ಪಬೇಡಿ. ವಾರದ ರಜೆ ದಣಿದ ದೇಹಕ್ಕೆ ಕಾನೂನು ಕೊಟ್ಟ ವಿಶ್ರಾಂತಿ. ಶನಿವಾರ ರಾತ್ರಿಯ ಶಿಫ್ಟ್ ಮುಗಿಸಿದವನು ಹಾಜರಿಯ ಭಯಕ್ಕೆ ನಿದ್ದೆಗೆಟ್ಟು ಬೈಕ್ ಹತ್ತಿ ಬರುವುದು ಸ್ವತಃ ಒಂದು ಅಪಾಯ. ಸೇವೆಯನ್ನು ಕೆಲಸದ ದಿನಗಳಲ್ಲಿ, ಸಂಬಳ ಸಹಿತ, ಇಷ್ಟವಿದ್ದವರಿಗೆ ಸರದಿಯಂತೆ ಹಂಚಿರಿ. ಭಾನುವಾರದ ಹಾಜರಿಯನ್ನು ಮೌಲ್ಯಮಾಪನದಿಂದ ಕೈಬಿಡುವಂತೆ ಮುಂದಿನ ಸಭೆಯಲ್ಲಿ ಲಿಖಿತವಾಗಿ ಕೋರಿ, ಆ ಕೋರಿಕೆಯ ಮೊದಲ ಅಂಶವಾಗಿ ಧೂಳು ಹೀರುವ ಯಂತ್ರದ ದುರಸ್ತಿಗೆ ಒಂದು ದಿನಾಂಕವನ್ನೂ ಕೇಳಿ.

— ಸಂಪಾದಕ